ಗಟ್ಟಿ ಆಟ ಬೇಕಡ, ಸೋಲು ಮಾಂತ್ರ ಆಗಡ

ಮೊನ್ನೆ ಉದಿಯಪ್ಪಗ ತೆಳ್ಳವು ಎರಕ್ಕೊಂಡು ಇಪ್ಪಗ ಅಮೇರಿಕಂದ ಅಳಿಯನ ಫೋನು ಬಂತು. ಹೊತ್ತಲ್ಲದ್ದ ಹೊತ್ತಿಲಿ ಫೋನು ಬಂದರೆ ಎನ್ನ ಎದೆ ಮದಲು ಡಬಡಬ ಹೇಳುದು. ಬಾಬೆಗೆ ಜ್ವರವೋ ಎಂತದೋ ಗ್ರೇಶಿರೆ ಅದಲ್ಲ. "ಅತ್ತೆ, ಎಂಗೊ ಕೆಂಟಕಿಲಿ ಸೋತೆಯೊ°" ಹೇಳಿದ°. ಎಂಗೊ ಹೇಳಿರೆ ಅವ° ಕಲ್ತ ಪರ್ಡ್ಯೂ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಟೀಮು. ಅದುದೆ ಲೆಕ್ಕಕ್ಕೆ ಹಿಡಿವ ಆಟ ಅಲ್ಲ, ಸೀಸನ್ ಸುರು ಅಪ್ಪಂದ ಮದಲಾಣ ಅಭ್ಯಾಸದ ಆಟ. ಆದರೆ ಈ ಸರ್ತಿ ಪತ್ರಿಕೆಯವರ ಪಟ್ಟಿಲಿ ಸೀಸನ್ ಸುರು ಅಪ್ಪ ಮದಲೇ ಪರ್ಡ್ಯೂವಿಂಗೆ ಒಂದನೆ ಸ್ಥಾನ ಸಿಕ್ಕಿದ್ದು. ಆ ಕಾಲೇಜಿಂಗೆ ಹಾಂಗೆ ಸಿಕ್ಕಿದ್ದು ಇದೇ ಸುರು. ಒಂದನೆ ಸ್ಥಾನಲ್ಲಿಪ್ಪವು ಸೋಲುದು ಹೇಳಿರೆ ಎಂತ! "ಇನ್ನು ಅಲಬಾಮದವರ ಊರಿಂಗೇ ಹೋಗಿ ಆಡೆಕ್ಕು. ಕೋಚ° ಎಂತಕೆ ಇಷ್ಟು ಕಷ್ಟದ ಪಟ್ಟಿ ಮಾಡಿದ್ದನೋ" ಹೇಳಿ ಪರಂಚಿದ°.

ಕಾವಲಿಗೆಲಿದ್ದ ತೆಳ್ಳವು ಕರಂಚಿತ್ತು.

ಇದೇ ಅಳಿಯ° ಎರಡು ವರ್ಷ ಮದಲು ಹೇಳಿಗೊಂಡಿದ್ದ ಮಾತು ಎನಗೆ ಲಾಯ್ಕಲ್ಲಿ ನೆಂಪಿದ್ದು. "ಮೆದು ಟೀಮುಗಳ ದಿನಿಗೇಳಿ ಗೆದ್ದರೆ ಎಂತ ಪ್ರಯೋಜನ? ಗಟ್ಟಿಯವರ ಹತ್ರೆ ಆಡ್ಸೆಕ್ಕು" ಹೇಳಿ. ಬೇಕು ಹೇಳಿದವುದೆ ಇವ್ವೇ, ಈಗ ಬೇಡ ಹೇಳ್ತವುದೆ ಇವ್ವೇ. ಅದಕ್ಕೇ ಇದರ ಬರದು ಬಿಡುವ° ಹೇಳಿ ಕಂಡತ್ತು.

ಆನು ಪಿ.ಯು.ಸಿ. ವರೆಗೆ ಕಲ್ತು, ಮದುವೆ ಆಗಿ, ಅಡಕ್ಕೆ ತೋಟದ ಮನಗೆ ಬಂದೋಳು. ಬಾಸ್ಕೆಟ್‌ಬಾಲ್ ಹೇಳಿರೆ ಕಂಬಲ್ಲಿಪ್ಪ ಬಳೆಯ ಒಳಂಗೆ ಚೆಂಡು ಹಾಕುದು ಹೇಳಿ ಅಷ್ಟೇ ಗೊಂತಿದ್ದದು. 2023ರ ಒಕ್ಟೋಬರಿಲಿ ಮಗಳ ಬಾಳಂತನಕ್ಕೆ ಹೇಳಿ ಇಂಡಿಯಾನಾ ರಾಜ್ಯದ ವೆಸ್ಟ್ ಲಫಯೆಟ್ಟಿಂಗೆ ಹೋದೆ. ವಾಬಾಷ್ ಹೊಳೆಯ ಒಂದು ಹೊಡೆಲಿ ಲಫಯೆಟ್, ಇನ್ನೊಂದು ಹೊಡೆಲಿ ವೆಸ್ಟ್ ಲಫಯೆಟ್. ಊರು ಹೇಳಿರೆ ಕಾಲೇಜು, ಕಾಲೇಜು ಹೇಳಿರೆ ಊರು. ಹೆರ ಚಳಿ, ಒಳ ಬಾಬೆ ಕೂಗುದು, ಟೀವಿಲಿ ಬಾಸ್ಕೆಟ್‌ಬಾಲ್. ಬಾಬೆಯ ಕಾಲಿಲಿ ಮನುಶಿ ಎಣ್ಣೆ ಕಿಟ್ಟಿಗೊಂಡು ಆನು ಆಟ ಕಲ್ತದು. ಅಂಬಗ ಆ ಟೀಮಿಲಿ ಜ಼ಾಕ್ ಈಡಿ ಹೇಳ್ತ ಮಾಣಿ ಇತ್ತಿದ್ದ°, 7 ಅಡಿ 4 ಇಂಚು ಎತ್ತರ. ಎಂಗಳ ಹಳೆ ಮನೆಯ ದಾರಂದ ದಾಂಟೆಕ್ಕಾರೆ ಅವ° ಅರ್ಧಕ್ಕರ್ಧ ಬಗ್ಗೆಕ್ಕಕ್ಕು.

ಅಲ್ಲಿಯಾಣ ಕ್ರಮ ಹೀಂಗೆ. ಕಾಲೇಜುಗೊ ಕೂಟ ಕೂಟ ಮಾಡಿಗೊಂಡಿರ್ತವು, ಅದಕ್ಕೆ ಕಾನ್ಫರೆನ್ಸ್ ಹೇಳುದು. ಪರ್ಡ್ಯೂ ಇಪ್ಪದು ಬಿಗ್ ಟೆನ್ ಹೇಳ್ತ ಕೂಟಲ್ಲಿ. ಹೆಸರಿಲಿ ಹತ್ತು, ಆನು ಹೋಗಿಪ್ಪಗ ಅದರಲ್ಲಿ ಇದ್ದದು 14 ಕಾಲೇಜು, ಈಗ 18. ಲೆಕ್ಕ ಕಲುಶುವ ಕಾಲೇಜುಗೊಕ್ಕೇ ಲೆಕ್ಕ ಬತ್ತಿಲ್ಲೆ ಹೇಳಿ ಆನು ನೆಗೆ ಮಾಡಿದೆ. ಆ ಕೂಟದ ಒಳಾಣ 20 ಆಟವ ಕೂಟದವ್ವೇ ನಿಘಂಟು ಮಾಡ್ತವು. ಅದರಿಂದ ಮದಲು, ನವೆಂಬರ ದಶಂಬರಲ್ಲಿ, ಹೆರಾಣವರೊಟ್ಟಿಂಗೆ ಆಡುವ ನಾನ್-ಕಾನ್ಫರೆನ್ಸ್ ಆಟಂಗಳ ಮಾಂತ್ರ ಕೋಚನೇ ಆಯ್ಕೆ ಮಾಡುದು. ಆ ವರ್ಷ ಅದು 11 ಇತ್ತು. ಬೇಕಾರೆ ಹನ್ನೊಂದನ್ನೂ ಮೆದುವಿನವರೊಟ್ಟಿಂಗೆ ಆಡಿ ಹನ್ನೊಂದನ್ನೂ ಗೆದ್ದು ಎದೆ ಎತ್ತಿ ನೆಡವಲಕ್ಕು.

ಆದರೆ ಪರ್ಡ್ಯೂವಿನವಕ್ಕೆ ಅದು ಸಾಕಾವ್ತಿತ್ತಿಲ್ಲೆ. ಎಂತಕೆ ಹೇಳಿರೆ 2023ರ ಮಾರ್ಚಿಲಿ ಅವರ ಮರ್ಯಾದಿ ಹೋಗಿತ್ತು. ಮಾರ್ಚಿಲಿ 68 ಟೀಮಿನ ದೊಡ್ಡ ಪಂದ್ಯ ಇದ್ದಲ್ಲದಾ, ಅದರಲ್ಲಿ ನಾಲ್ಕು ವಿಭಾಗ, ಒಂದೊಂದರಲ್ಲಿದೆ 1ರಿಂದ 16ರ ವರೆಗೆ ನಂಬ್ರ. ಪರ್ಡ್ಯೂ 1ನೇ ನಂಬ್ರ, ಎದುರು ಫೇರ್ಲಿ ಡಿಕಿನ್ಸನ್ ಹೇಳ್ತ ಸಣ್ಣ ಕಾಲೇಜು 16ನೇ ನಂಬ್ರ. 63-58ರಲ್ಲಿ ಪರ್ಡ್ಯೂ ಸೋತತ್ತು! ಗಂಡುಮಕ್ಕಳ ಪಂದ್ಯಲ್ಲಿ ಹಾಂಗಾದ್ದು ಎರಡನೆ ಸರ್ತಿ ಅಡ. 2022ರಲ್ಲಿ 15ನೇ ನಂಬ್ರದವರ ಕೈಲಿ, 2021ರಲ್ಲಿ 13ನೇ ನಂಬ್ರದವರ ಕೈಲಿ ಸೋತದುದೆ ಇವ್ವೇ. ಅಳಿಯ° ಆ ದಿನ ಉಂಡಿದ್ದನೇ ಇಲ್ಲೆಡ, ಮಗಳು ಹೇಳಿತ್ತು.

ಹಾಂಗಾಗಿ ಮರುವರ್ಷ ಎಲ್ಲೋರ ಬಾಯಿಲಿದೆ ಒಂದೇ ಮಾತು, ಗಟ್ಟಿಯವರ ಹತ್ರೆ ಆಡಿ ತೋರ್ಸೆಕ್ಕು. ಕೋಚ° ಮ್ಯಾಟ್ ಪೇಂಟರ್ ತೋರ್ಸಿದ°. ಮಾವಿ ದ್ವೀಪದ ಪಂದ್ಯ ಆ ವರ್ಷ ಅಲ್ಲಿ ಕಾಡ್ಗಿಚ್ಚು ಹತ್ತಿದ ಕಾರಣ ಹೊನೊಲುಲುಲಿ ಆತು. ಅಲ್ಲಿ ಮೂರು ದಿನಲ್ಲಿ ಗೊನ್ಜ಼ಾಗ, ಟೆನೆಸಿ, ಮಾರ್ಕೆಟ್ ಮೂರು ಟೀಮಿನೂ ಸೋಲ್ಸಿದವು. ಮತ್ತೆ ಟೊರೊಂಟೊಲಿ ಅಲಬಾಮವ 92-86. ಅದರ ಮತ್ತಾಣ ವಾರ ಇಂಡಿಯಾನಾಪೊಲಿಸಿಲಿ ಅಂಬಗ ದೇಶಕ್ಕೇ ಒಂದನೆ ಸ್ಥಾನಲ್ಲಿದ್ದ ಅರಿಜ಼ೋನವ 92-84. ಹನ್ನೊಂದಕ್ಕೆ ಹನ್ನೊಂದು ಗೆಲುವು. ಆ ದಿನ ಅಳಿಯ° ಕೊಣಿವದು ನೋಡಿ ಒರಗಿದ್ದ ಬಾಬೆ ಎದ್ದು ಕೂಗಿತ್ತು.

ಅಷ್ಟು ಗೆದ್ದರೂ ಪರಂಚುದು ತಪ್ಪಿದ್ದಿಲ್ಲೆ ಹೇಳುದು ಎನಗೆ ಸೋಜಿಗ. ಒಂದು, ದೊಡ್ಡ ಆಟ ಎಲ್ಲ ಹೆರಾಣ ಊರಿಲಿ. ಮ್ಯಾಕಿ ಅರೀನಲ್ಲಿ ಹದಿನಾಲ್ಕು ಸಾವಿರಂದ ಮೇಲೆ ಜೆನ ಕೂಪಲಕ್ಕು, ಆದರೆ ವರ್ಷದ ಟಿಕೇಟು ತೆಗದವಕ್ಕೆ ಅಲ್ಲಿ ದಶಂಬರದೊಳ ಕೂಟಂದ ಹೆರಾಣವರಲ್ಲಿ ನೋಡ್ಲೆ ಸಿಕ್ಕಿದ ದೊಡ್ಡ ಹೆಸರು ಜ಼ೇವಿಯರ್ ಒಂದೇ, ಒಳುದ್ದೆಲ್ಲ ಸಣ್ಣ ಸಣ್ಣವು. ಈ ಬೇಜಾರವ ಆನು ಒಪ್ಪುತ್ತೆ. ಮಗನ ಮದುವೆಯ ಊಟ ಪೇಟೆಯ ಹಾಲಿಲಿ ಕೊಟ್ಟು, ನೆರೆಕರೆಗೆ ಬರೀ ಕಾಪಿ ಕೊಟ್ಟ ಹಾಂಗೆ. ಎರಡು, "ನವೆಂಬರಿಲಿ ಗೆದ್ದರೆಂತಾತು, ಮಾರ್ಚಿಲಿ ನೋಡುವ°" ಹೇಳುದು. ಇದರ ಮಾಂತ್ರ ಆನು ಒಪ್ಪೆ. ಸೋತರೆ ನವೆಂಬರಿಲಿ ಬೈತ್ತಿ, ಗೆದ್ದರೆ ಮಾರ್ಚಿಂಗೆ ಕಾಯ್ತಿ. ಅಂಬಗ ಆ ಮಕ್ಕೊ ಎಂತ ಮಾಡಿರೆ ನಿಂಗೊಗೆ ಸಮಾಧಾನ?

ಸಣ್ಣವರ ಸಂಗತಿಯನ್ನೂ ಹೇಳೆಕ್ಕು. ದೊಡ್ಡ ಕಾಲೇಜಿನವು ಸಣ್ಣ ಕಾಲೇಜಿನವಕ್ಕೆ ಪೈಸೆ ಕೊಟ್ಟು ದಿನಿಗೇಳ್ತವು, ಅವು ಬಂದು ಸೋತು ಹೋವ್ತವು, ಆ ಪೈಸೆಲಿ ಅವರ ಕ್ರೀಡಾ ವಿಭಾಗದ ಖರ್ಚು ನೆಡೆತ್ತು. ಸುರುವಿಂಗೆ ಕೇಳುವಗ ಎನಗೆ ಛೇ ಕಂಡತ್ತು, ಪೈಸೆ ತೆಕ್ಕೊಂಡು ಪೆಟ್ಟು ತಿಂಬದು ಹೇಳಿ. ಆ ವರ್ಷದ ಸುರುವಾಣ ಆಟಲ್ಲೇ ಸ್ಯಾಮ್‌ಫರ್ಡ್ ಹೇಳ್ತವು ಬಂದು 98-45ರಲ್ಲಿ ಸೋತು ಹೋದವು. 53 ಪಾಯಿಂಟು! ಮೋರೆ ತೋರ್ಸಲೆ ಎಡಿಯದ್ದ ಸೋಲು. ಅದೇ ಸ್ಯಾಮ್‌ಫರ್ಡ್ ಅವರ ಕೂಟವ ಗೆದ್ದು ಮಾರ್ಚಿನ ದೊಡ್ಡ ಪಂದ್ಯಕ್ಕೆ ಬಂತು, ಕಾನ್ಸಸಿನ ಹಾಂಗಿಪ್ಪ ಹೆಸರಾಂತ ಟೀಮಿನ ಅಖೇರಿವರೆಗೆ ನಡುಗುಸಿ 93-89ರಲ್ಲಿ ಸೋತತ್ತು. ನವೆಂಬರಿಲಿ ಅವರ ನೋಡಿ ನೆಗೆ ಮಾಡಿದವಕ್ಕೆ ಅದು ಅವರೇ ಹೇಳಿ ಗುರ್ತ ಸಿಕ್ಕಿಕ್ಕೋ ಇಲ್ಲೆಯೋ.

ಪರ್ಡ್ಯೂವಿಂಗೂ ಗಟ್ಟಿ ಪಟ್ಟಿ ಎಂತ ಕೊಟ್ಟತ್ತು ಹೇಳಿ ಕಂಡದು ಆ ಮಾರ್ಚಿಲೇ. ಮೂರನೆ ಸುತ್ತಿಲಿ ಎದುರು ಬಂದದು ಆರು? ಗೊನ್ಜ಼ಾಗ. ನಾಲ್ಕನೆ ಸುತ್ತಿಲಿ? ಟೆನೆಸಿ. ನವೆಂಬರಿಲಿ ಹೊನೊಲುಲುಲಿ ಕೈ ಕೈ ಹಿಡುದು ನೋಡಿದವ್ವೇ. ಎರಡನ್ನೂ ಗೆದ್ದವು, ಟೆನೆಸಿಯ ಆಟಲ್ಲಿ ಈಡಿ ಒಬ್ಬನೇ 40 ಪಾಯಿಂಟು. 1980ರ ಮತ್ತೆ ಸುರುವಿಂಗೆ ಅಖೇರಿಯಾಣ ನಾಲ್ಕು ಟೀಮಿನೊಳ ಹೊಕ್ಕವು. ಫೈನಲಿಲಿ ಕನೆಕ್ಟಿಕಟಿನವು 75-60ರಲ್ಲಿ ಸೋಲ್ಸಿದವು. ಅಷ್ಟಪ್ಪಗ ಆನು ಊರಿಂಗೆ ಹೆರಡ್ಲೆ ಪೆಟ್ಟಿಗೆ ಕಟ್ಟಿಗೊಂಡಿತ್ತಿದ್ದೆ. ಅಳಿಯ° ಆ ಇರುಳು ಉಂಡ°. ಎರಡು ಸರ್ತಿ ಕೊದಿಲು ಹಾಕ್ಸಿಗೊಂಡ°.

ಎಂಗಳ ಹೊಡೆಲಿ ತಾಳಮದ್ದಳೆ ಕೇಳಿದವಕ್ಕೆ ಇದರ ವಿವರ್ಸುದು ಬೇಡ. ಹೊಸಬ್ಬ ಅರ್ಥ ಹೇಳುವಗ ಎದುರು ಅವನ ಹಾಂಗಿಪ್ಪ ಇನ್ನೊಬ್ಬ ಹೊಸಬ್ಬನ ಕೂರ್ಸಿರೆ ಇಬ್ರೂ ಪಾಠ ಒಪ್ಪುಸಿ ಏಳ್ತವು. ಎದುರು ಪಳಗಿದ ಅರ್ಥಧಾರಿ ಕೂದರೆ ಇವ° ಗ್ರೇಶದ್ದ ಪ್ರಶ್ನೆ ಬತ್ತು, ತಡವರಿಸುತ್ತ°, ಬೆಗರುತ್ತ°. ಸಭೆಲಿಪ್ಪವು ನೆಗೆ ಮಾಡಿರೆ ಆ ಮಾಣಿ ಇನ್ನೊಂದರಿ ಬತ್ತನಿಲ್ಲೆ. ಸುಮ್ಮನೆ ಕೂದು ಕೇಳಿರೆ ಬಪ್ಪ ವರ್ಷ ಬತ್ತ°, ಉತ್ತರ ಸಮೇತ.

ಇನ್ನು 2024ರ ಕತೆ. ಈಡಿ ಕಲ್ತು ಮುಗುಶಿ ಹೋದ°. ಪಟ್ಟಿ ಮಾಂತ್ರ ಹಾಂಗೇ ಗಟ್ಟಿ. ಅಲಬಾಮವ ಮನೆಲಿ ಸೋಲ್ಸಿದವು. ಅದಾಗಿ ನಾಲ್ಕೇ ದಿನಲ್ಲಿ ಮಾರ್ಕೆಟಿನವರ ಊರಿಲಿ 76-58, ದಶಂಬರಲ್ಲಿ ಟೆಕ್ಸಸ್ ಎ ಎಂಡ್ ಎಮ್ಮಿನ ಹತ್ರೆ 70-66, ಅದರ ಮತ್ತಾಣ ವಾರ ಆಬರ್ನಿನ ಹತ್ರೆ 87-69, ಹೀಂಗೆ ಸೋತವು. ಅಂಬಗ ಸುರು ಆತು ನೋಡಿ, ಕೋಚಂಗೆ ಬುದ್ಧಿ ಇಲ್ಲೆ, ಮಕ್ಕಳ ಧೈರ್ಯ ಹಾಳು ಮಾಡಿದ°, ಮೆದುವಿನವರ ದಿನಿಗೇಳ್ಲೆ ಆವ್ತಿತ್ತಿಲ್ಲೆಯಾ ಹೇಳಿ. ವರ್ಷದ ಅಖೇರಿಗೆ ಎಂತಾತು? ಮೂರನೆ ಸುತ್ತಿನವರೆಗೆ ಹೋಗಿ ಹ್ಯೂಸ್ಟನ್ನಿನ ಹತ್ರೆ 62-60ರಲ್ಲಿ, ಇನ್ನು ಮುಗುತ್ತು ಹೇಳುವಗ ಬಿದ್ದ ಒಂದು ಚೆಂಡಿಲಿ ಸೋತವು. ಆ ಹ್ಯೂಸ್ಟನ್ ಫೈನಲಿಂಗೆ ಹೋತು. ಗೆಲುವಿನ ಲೆಕ್ಕ ಮದಲಾಣ ವರ್ಷಂದ ಸುಮಾರು ಕಮ್ಮಿ. ಆದರೆ ಈಡಿ ಇಲ್ಲದ್ದೆ ಅಷ್ಟು ಎತ್ತಿದವಲ್ಲದಾ, ಅದು ಎನ್ನ ಲೆಕ್ಕಲ್ಲಿ ಸಣ್ಣದಲ್ಲ.

ಮಾರ್ಚಿಂಗೆ ಟೀಮುಗಳ ಆಯ್ಕೆ ಮಾಡುವವ್ವುದೆ ಬರೀ ಎಷ್ಟು ಗೆದ್ದವು ಹೇಳಿ ನೋಡ್ತವಿಲ್ಲೆ. ಅಳಿಯ° ಕಾಗದಲ್ಲಿ ಬರದು ತೋರ್ಸಿತ್ತಿದ್ದ°. ಮದಲ ದರ್ಜೆಯ ಗೆಲುವು ಆಯೆಕ್ಕಾರೆ ನಮ್ಮ ಊರಿಲಿ ಆದರೆ ಮೂವತ್ತರೊಳಾಣ ಟೀಮಿನ ಸೋಲ್ಸೆಕ್ಕು, ಇಬ್ರದ್ದೂ ಅಲ್ಲದ್ದ ಊರಿಲಿ ಐವತ್ತರೊಳಾಣವರ, ಅವರ ಊರಿಂಗೇ ಹೋಗಿ ಗೆದ್ದರೆ ಎಪ್ಪತ್ತೈದರವರೆಗಾಣವರ ಸೋಲ್ಸಿರೂ ಸಾಕು. ಮಾವನ ಮನೆಲಿ ಮಾತಾಡಿ ಗೆಲ್ಲುದು ಕಷ್ಟ ಹೇಳಿ ಅವಕ್ಕೂ ಗೊಂತಿದ್ದು. ಅಷ್ಟು ಲೆಕ್ಕ ಗೊಂತಿದ್ದ ಅಳಿಯಂಗೆ ಸೋತ ದಿನ ಮಾಂತ್ರ ಅದು ಪೂರಾ ಮರದು ಹೋವ್ತು.

ಅಳಿಯನ ಬೈವಲೆ ಆನು ಆರು? ಎನ್ನದನ್ನೂ ಹೇಳ್ತೆ. ಎನ್ನ ಸಣ್ಣ ಮಗ° ಬೀಕಾಮ್ ಮಾಡಿ ಎಲ್ಲಿಯಾರು ಕೆಲಸಕ್ಕೆ ಸೇರ್ತೆ ಹೇಳಿದ್ದ°. ಸಿ.ಎ. ಮಾಡು, ಕಷ್ಟದ್ದು ಮಾಡಿರೆ ಮುಂದಂಗೆ ಸುಖ ಹೇಳಿ ಬೆನ್ನು ಹಿಡುದ್ದು ಆನೇ. ಅವ° ಫೈನಲಿಲಿ ಫೈಲಾದ°. ಎರಡನೆ ಸರ್ತಿದೆ ಒಂದು ಗ್ರೂಪು ಹೋತು. ಅದೇ ಸಮಯಲ್ಲಿ ನೆಂಟ್ರಲ್ಲಿ ಒಂದು ಜೆಂಬ್ರ. ಊಟಕ್ಕೆ ಕೂದಿಪ್ಪಗ ಹತ್ರೆ ಕೂದ ಅತ್ತಿಗೆ "ಮಗಂದು ಆತಾ?" ಕೇಳಿತ್ತು. "ಫಲಿತಾಂಶ ಇನ್ನೂ ಬಯಿಂದಿಲ್ಲೆ" ಹೇಳಿದೆ. ತಲೆ ಎತ್ತಿ ನೋಡಿರೆ ಸಾರಿನ ಬಾಲ್ದಿ ಹಿಡ್ಕೊಂಡು ಎದುರೇ ನಿಂದಿದ್ದ°, ಬಡುಸುಲೆ ಬಂದೋನು. ಅವ° ಎಂತದೂ ಹೇಳಿದ್ದನಿಲ್ಲೆ. ಎನ್ನ ಬಾಳಗೆ ಸಾರು ಬಳುಸಿ ಮುಂದೆ ಹೋದ°. ಮನಗೆ ಬಂದ ಮತ್ತೆದೆ ಆ ಮಾತು ತೆಗದ್ದನಿಲ್ಲೆ, ಈಗಳೂ ತೆಗದ್ದನಿಲ್ಲೆ. ಅವ° ಫೈಲಾದ್ದು ಎನಗೆ ನಾಚಿಕೆ ಹೇಳಿ ಅವಂಗೆ ಆ ದಿನ ಗೊಂತಾತು. ಕಷ್ಟದ ದಾರಿ ತೋರ್ಸಿದ್ದು ಆನು, ಆ ದಾರಿಲಿ ಬಿದ್ದಪ್ಪಗ ಗುರ್ತ ಇಲ್ಲದ್ದವರ ಹಾಂಗೆ ಮಾಡಿದ್ದುದೆ ಆನು.

ಅದರಿಂದ ಮತ್ತೆ ಎನಗೆ ಈ ಆಟದ ಪಟ್ಟಿ ನೋಡುವಗ ಬೇರೆಯೇ ಕಾಣುತ್ತು. ಗಟ್ಟಿಯವರ ಹತ್ರೆ ಆಡ್ಸು ಹೇಳಿ ಕೋಚನ ಹತ್ರೆ ಕೇಳಿದ ಅಭಿಮಾನಿಗೆ ಆ ಸೋಲಿಲಿ ಅರ್ಧ ಪಾಲು ಇದ್ದು. ಹದ್ನೆಂಟು ಇಪ್ಪತ್ತು ವರ್ಷದ ಮಕ್ಕೊ ಅವು. ದಶಂಬರದೊಳ ಎರಡು ಮೂರು ಸೋಲು ಬಕ್ಕು ಹೇಳಿ ಮದಲೇ ಮನಸ್ಸಿಲಿ ಬರದು ಮಡಿಕ್ಕೊಳ್ಳಿ, ಬಂದಪ್ಪಗ ಆ ಮಕ್ಕೊಗೆ ಬೈಯೆಡಿ. ಬೇಕಾರೆ ಎಂತ ತಪ್ಪಿತ್ತು ಹೇಳಿ ನೋಡಿ. ಚೆಂಡು ಕೈ ತಪ್ಪಿದ್ದು ಜಾಸ್ತಿಯೋ, ಒಬ್ಬನನ್ನೇ ನಂಬಿದವೋ, ಅದೇ ತಪ್ಪು ಫೆಬ್ರವರಿಲಿದೆ ಇದ್ದೋ. ಫೆಬ್ರವರಿಲಿದೆ ಇದ್ದರೆ ಪರಂಚಿ, ಆನುದೆ ಒಟ್ಟಿಂಗೆ ಪರಂಚುತ್ತೆ. ಅದೆಲ್ಲ ಬೇಡ, ಗೆಲ್ಲುದೇ ನೋಡೆಕ್ಕು ಹೇಳ್ತವು ಮೆದುವಿನವರ ಪಟ್ಟಿಯನ್ನೇ ಕೇಳಲಿ. ಅದರಲ್ಲಿ ಎಂತ ಮರ್ಯಾದಿ ಕಮ್ಮಿಯೂ ಇಲ್ಲೆ. ಆದರೆ ಮಾರ್ಚಿಲಿ ಫೇರ್ಲಿ ಡಿಕಿನ್ಸನ್ ಬಂದಪ್ಪಗ ಊಟ ಬಿಡ್ಲಾಗ.

ಇದರನ್ನೇ ರಜ್ಜ ಮೆಲ್ಲಂಗೆ ಅಳಿಯಂಗೆ ಹೇಳಿದೆ. ಜೆಂಬ್ರದ ಸಂಗತಿ ಹೇಳಿದ್ದಿಲ್ಲೆ, ಅದು ಮಗಳಿಂಗೂ ಗೊಂತಿಲ್ಲೆ, ಇದರ ಓದಿರೆ ಗೊಂತಕ್ಕು. ಅಳಿಯ° ರಜ್ಜ ಹೊತ್ತು ಮಾತಾಡಿದ್ದನಿಲ್ಲೆ. ಮತ್ತೆ, "ಅತ್ತೆ, ಅಲಬಾಮದ ಆಟ ಮುಗುದ ಕೂಡ್ಲೆ ಫೋನು ಮಾಡ್ತೆ" ಹೇಳಿದ°.

ಸೋತರೂ ಮಾಡು ಹೇಳಿದೆ. ಎಂಟು ಗಂಟೆ ಕಳುದ ಮತ್ತೆ ಮಾಡು, ಅಂಬಗ ತೆಳ್ಳವು ಎರದು ಆಗಿರ್ತು ಹೇಳಿದೆ.