ಚಂದ್ರಗಿರಿ ಕೋಟೆಗೂ ಒಂದು ದಿನ ಬೇಕು

ಕೋಟೆ ಎಂದೊಡನೆ ನಮ್ಮ ಕಡೆಯವರ ಬಾಯಿಗೆ ಬರುವ ಹೆಸರು ಬೇಕಲ. ಶಾಲೆಯ ಪ್ರವಾಸವೂ ಹೆಚ್ಚಾಗಿ ಅಲ್ಲಿಗೇ. ಬೇಕಲವನ್ನು ನಾವು ಕೀಳ್ಗಳೆಯುವುದಿಲ್ಲ. ಸುಮಾರು 40 ಎಕ್ರೆಯ ಆ ಕೋಟೆಯ ಗತ್ತೇ ಬೇರೆ. 1995ರ ‘ಬಾಂಬೆ’ ಚಿತ್ರದ ಹಾಡೊಂದು ಅಲ್ಲಿ ತಯಾರಾದ ಮೇಲಂತೂ ಕೇಳುವುದೇ ಬೇಡ! ಆದರೆ ಕಾಸರಗೋಡು ಪೇಟೆಯಿಂದ ಹೊಳೆ ದಾಟಿದರೆ ಸಿಗುವ ಚಂದ್ರಗಿರಿ ಕೋಟೆಯನ್ನು, “ಅಲ್ಲೇನುಂಟು, ನಾಲ್ಕು ಮುರಕಲ್ಲಿನ ಗೋಡೆ” ಎಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಗೋಡೆಗಿಂತ ಮೊದಲು ನೋಡಬೇಕಾದದ್ದು ಜಾಗವನ್ನು. ಹೊಳೆಯ ತೆಂಕು ದಡದ ಗುಡ್ಡೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 150 ಅಡಿ ಎತ್ತರದಲ್ಲಿ ಈ ಕೋಟೆಯಿದೆ. ಕೊಡಗಿನ ಬೆಟ್ಟಗಳಿಂದ ಇಳಿದು ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿ ಹೊಳೆಯೆನಿಸಿ ತಳಂಗರೆಯ ಬಳಿ ಕಡಲು ಸೇರುತ್ತದೆ. ಹಾಯಿಯ ಕಾಲದಲ್ಲಿ ಅಳಿವೆಯೇ ನಾಡಿನ ಹೆಬ್ಬಾಗಿಲು. ಒಳನಾಡಿನ ಸರಕು ದೋಣಿಯಲ್ಲಿ ಹೊಳೆಯಿಳಿದು ಬರಬೇಕು. ಹೊರಗಿನ ಮಂಜಿಗಳು ಉಬ್ಬರ ನೋಡಿ, ಮರಳದಿಬ್ಬ ತಪ್ಪಿಸಿ, ಮೆಲ್ಲನೆ ಒಳಬರಬೇಕು. ಅಂಥ ಹೊತ್ತಿನಲ್ಲಿ ಎತ್ತರದ ಮೇಲೆ ಕೆಲವೇ ತೋಪುಗಳಿದ್ದರೂ ಸಾಕು. ಕೆಳಗಿನ ಹಡಗಿನವರಿಗೆ ಅಷ್ಟು ಮೇಲಕ್ಕೆ ಗುರಿಯಿಡುವುದು ಕಷ್ಟ; ಮೇಲಿನವರಿಗೆ ಕೆಳಗಿನದೆಲ್ಲ ಅಂಗೈಯಲ್ಲಿದ್ದಂತೆ.

ಕೋಟೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಅವನು ಆಳಿದ್ದು 1645ರಿಂದ 1660ರ ವರೆಗೆ. 1650ರ ದಶಕದಲ್ಲಿ ಅವನು ಹೊನ್ನಾವರ, ಬಸರೂರುಗಳಿಂದ ಪೋರ್ಚುಗೀಸರನ್ನು ಹೊರಡಿಸಿದನು. ಅಕ್ಕಿ, ಕರಿಮೆಣಸಿನ ವ್ಯಾಪಾರ ಕೆಳದಿಯ ಬೊಕ್ಕಸಕ್ಕೆ ಆಧಾರ. ಅಳಿವೆಗಳು ಪರರ ಕೈಯಲ್ಲಿದ್ದರೆ ಆಗುತ್ತಿತ್ತೇ?

ಇನ್ನೊಂದು ವಿಷಯ. ಚಂದ್ರಗಿರಿ ಹೊಳೆ ತುಳುನಾಡಿಗೂ ಕೋಲತ್ತುನಾಡಿಗೂ ನಡುವಣ ಹಳೆಯ ಗಡಿ. ಬಡಗಿನಿಂದ ಬಂದ ಅರಸನ ಕೋಟೆಯಾದರೋ ಗಡಿಯ ಆಚೆ ದಡದಲ್ಲಿದೆ! ಗುಡ್ಡೆ ಎಲ್ಲಿತ್ತೋ ಅಲ್ಲಿ ಕಟ್ಟಿದರೆಂದು ನಾವು ತಿಳಿಯುತ್ತೇವೆ. ಗಡಿಯೆಂದರೆ ಭೂಪಟದ ಗೆರೆ ಎಂದು ಕಲಿತ ನಮಗೆ ಇದು ಯೋಚಿಸತಕ್ಕ ಸಂಗತಿ. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಕಂಪೆನಿಯವರಿಗೆ ಸೇರಿತು, 1956ರಲ್ಲಿ ಕೇರಳಕ್ಕೆ.

ಶಿವಪ್ಪ ನಾಯಕನ ಭೂಕಂದಾಯದ ‘ಶಿಸ್ತು’ ಕರ್ನಾಟಕದ ಮಕ್ಕಳಿಗೆ ಗೊತ್ತು. ಅವನ ಕೋಟೆ ಇರುವುದು ಇಲ್ಲಿ. ಎರಡನ್ನೂ ಸೇರಿಸಿ ಹೇಳಬಲ್ಲವರು ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಾದ ನಾವು. ನಾವೇ ಹೋಗದಿದ್ದರೆ ಮತ್ತಾರು ಹೋಗಬೇಕು? ಅಂಕ ಸಿಗದ ಕೆಲಸವೆಂದು ಹೆತ್ತವರು ಹಿಂಜರಿಯುವುದುಂಟು. ಆದರೆ ಅಳಿವೆ, ಕೊತ್ತಳ, ಮಂಜಿ ಎಂಬ ಮಾತುಗಳನ್ನು ಅಜ್ಜಂದಿರ ಬಾಯಿಂದ ಕೇಳಿ ಬರೆದುಕೊಳ್ಳಲು ಇನ್ನು ಹೆಚ್ಚು ವರ್ಷ ಉಳಿದಿಲ್ಲ.

ಮುಂದಿನ ವರ್ಷದ ಪ್ರವಾಸದಲ್ಲಿ ಅರ್ಧ ದಿನವನ್ನಾದರೂ ಚಂದ್ರಗಿರಿಗೆ ಇಡಬೇಕೆಂದು ಅಧ್ಯಾಪಕರನ್ನು ಕೇಳಿಕೊಳ್ಳುತ್ತೇವೆ. ಮಳೆ ಬಿಟ್ಟ ಮೇಲೆ ಹೋದರೆ ಒಳ್ಳೆಯದು. ಅಳತೆಯ ಹಗ್ಗ, ನೋಟುಪುಸ್ತಕ ಸಾಕು. ಗೋಡೆಯಲ್ಲಿ ಹೆಸರು ಕೊರೆಯುವ ಮೊಳೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು.