ಹಂಚಿಕೆಯ ಸೂಕ್ಷ್ಮದರ್ಶಕ: ಕನ್ನಡ ಶಾಲೆಯ ಮಕ್ಕಳ ಸಿದ್ಧತೆ ಎಲ್ಲಿಂದ?

ಇಲೆಕ್ಟ್ರಾನ್ ಸೂಕ್ಷ್ಮದರ್ಶಕವೊಂದಕ್ಕೆ ಕೋಟಿಗಟ್ಟಲೆ ರೂಪಾಯಿ ಬೇಕು. ಅದನ್ನು ಸುಸ್ಥಿತಿಯಲ್ಲಿರಿಸುವ ಖರ್ಚು ಬೇರೆ. ಪ್ರತಿಯೊಂದು ಕಾಲೇಜೂ ಅದನ್ನು ಕೊಳ್ಳಲಾರದು, ಕೊಳ್ಳಬೇಕಾಗಿಯೂ ಇಲ್ಲ. ಸಾರ್ವಜನಿಕ ಹಣದಿಂದ ಸ್ಥಾಪನೆಯಾದ ಇಂತಹ ಉಪಕರಣಗಳನ್ನು ಹೊರಗಿನ ಸಂಶೋಧಕರೂ ಹುಡುಕಿ, ಸಮಯ ಕಾದಿರಿಸಿ, ಶುಲ್ಕ ತೆತ್ತು ಬಳಸುವಂತಾಗಲೆಂದು 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಧಾನಮಂತ್ರಿಗಳು ಐ-ಸ್ಟೆಮ್ ಜಾಲತಾಣವನ್ನು ಉದ್ಘಾಟಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕೊಚ್ಚಿಯ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾಲಯ, ಚೆನ್ನೈ ಮತ್ತು ಮುಂಬಯಿಯ ಐಐಟಿಗಳಲ್ಲಿ ಕೇಂದ್ರ ಸರಕಾರದ ನೆರವಿನ ಇಂತಹ ಕೇಂದ್ರಗಳಿವೆ. ಕಾಸರಗೋಡಿನ, ತಾಳವಾಡಿಯ, ಜತ್ತದ ವಿದ್ಯಾರ್ಥಿಗೆ ಇವು ಎಟುಕದ ದೂರದಲ್ಲಿಲ್ಲ. ಆದರೂ ಬಾಗಿಲು ತೆರೆದಿರುವುದು ಬೇರೆ, ಒಳಹೊಕ್ಕು ಕೆಲಸ ಸಾಧಿಸುವುದು ಬೇರೆ. ನಡುವೆ ಇರುವುದು ಸಿದ್ಧತೆ.

ನಮ್ಮ ತೋಟಗಳದ್ದೇ ಒಂದು ಉದಾಹರಣೆ. ಅಡಿಕೆಯ ಹಳದಿ ಎಲೆ ರೋಗ ಕಾಸರಗೋಡು, ಸುಳ್ಯ ಸೀಮೆಯ ಕೃಷಿಕರಿಗೆ ಹೊಸತಲ್ಲ. ರೋಗಪೀಡಿತ ಮರದ ಆಹಾರವಾಹಕ ಅಂಗಾಂಶದಲ್ಲಿ ಫೈಟೋಪ್ಲಾಸ್ಮಾ ಎಂದು ಇಂದು ಕರೆಯುವ, ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿ ಇರುವುದು 1978ರಲ್ಲಿ ವರದಿಯಾದದ್ದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕವೇ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು. ಈ ಜೀವಿಗಳ ಗಾತ್ರವೇ ಬಹುಮಟ್ಟಿಗೆ 200ರಿಂದ 800 ನ್ಯಾನೋಮೀಟರ್. ಹಾಗಾದರೆ ಹಳದಿ ಸೋಗೆಯ ತುಂಡೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸು ಹತ್ತಿದರಾಯಿತೆ? ಆಗದು. ಈ ಜೀವಿ ಮರದ ಎಲ್ಲ ಭಾಗಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ಯಾವ ಮರ, ಯಾವ ಭಾಗ, ಎಷ್ಟು ತುಂಡು ಎಂಬುದು ತೋಟದಲ್ಲೇ ತೀರ್ಮಾನವಾಗಬೇಕು. ಅದೇ ಪ್ರಾಯದ ಆರೋಗ್ಯವಂತ ಮರದ ಮಾದರಿಯೂ ಜತೆಗಿರಬೇಕು. ಹೋಲಿಸಲು ಏನೂ ಇಲ್ಲದ ಚಿತ್ರ ಎಷ್ಟು ಸುಂದರವಾದರೂ ಸಾಕ್ಷ್ಯವಾಗದು. ಕತ್ತರಿಸಿದ ತುಂಡು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಿರದೆ ತಡವಿಲ್ಲದೆ ಗ್ಲುಟರಾಲ್ಡಿಹೈಡ್ ದ್ರಾವಣ ಸೇರಬೇಕು. ಆಮೇಲೆ ಆಲ್ಕೋಹಾಲಿನಿಂದ ನೀರು ತೆಗೆದು, ರಾಳದಲ್ಲಿ ಗಟ್ಟಿಗೊಳಿಸಿ, 100 ನ್ಯಾನೋಮೀಟರಿಗಿಂತ ತೆಳುವಾಗಿ ಸೀಳಬೇಕು. ಇಷ್ಟಕ್ಕೇ ಹಲವು ದಿನ ಹಿಡಿಯುತ್ತದೆ. ಯಂತ್ರದ ಮುಂದೆ ಕೂರುವುದು ಕೆಲವೇ ತಾಸು.

ಆದುದರಿಂದ ಕೇಂದ್ರದ ಪರಿಣತರನ್ನು ಕಾಣಬೇಕಾದುದು ಮಾದರಿ ತಂದ ದಿನವಲ್ಲ, ಮಾದರಿ ತೆಗೆಯುವ ಮುನ್ನ. ‘ನನಗೆ ಚಿತ್ರ ಬೇಕು’ ಎಂದವರಿಗೆ ಅವರು ಹೆಚ್ಚೇನೂ ಮಾಡಲಾರರು. ಏನನ್ನು ಎಣಿಸಬೇಕು, ಏನನ್ನು ಅಳೆಯಬೇಕು ಎಂದು ಹೇಳಿದವರಿಗೆ ಯಾವ ಯಂತ್ರ ಸೂಕ್ತ, ಕೆಲವೊಮ್ಮೆ ಯಂತ್ರವೇ ಬೇಡವೆಂಬುದನ್ನೂ ತಿಳಿಸಿಯಾರು. ಮರದಲ್ಲಿ ರೋಗಾಣು ಇದೆಯೇ ಇಲ್ಲವೇ ಎಂಬಷ್ಟೇ ಪ್ರಶ್ನೆಯಾದರೆ ಪಿಸಿಆರ್ ಪರೀಕ್ಷೆ ಸಾಕಾಗಬಹುದು. ತರಬೇತಿ, ಶುಲ್ಕ, ಚಿತ್ರಗಳನ್ನು ಉಳಿಸಿಕೊಳ್ಳುವ ವ್ಯವಸ್ಥೆಗಳ ಮಾತೂ ಅಂದೇ ಮುಗಿಯಬೇಕು.

ನಮ್ಮ ಮಕ್ಕಳು ಹಿಂಜರಿಯುವುದು ಈ ಮೊದಲ ಭೇಟಿಯಲ್ಲೇ. ಅರ್ಜಿ ಇಂಗ್ಲಿಷಿನಲ್ಲಿ, ಮಾತುಕತೆಯೂ ಬಹುತೇಕ ಇಂಗ್ಲಿಷಿನಲ್ಲಿ. ಇದನ್ನು ಕನ್ನಡ ಮಾಧ್ಯಮದ ದೋಷವೆಂದು ಬಗೆದು ಮಗುವನ್ನು ಐದನೆಯ ತರಗತಿಯಲ್ಲೇ ಬೇರೆ ಶಾಲೆಗೆ ಸೇರಿಸುವ ಪಾಲಕರಿದ್ದಾರೆ. ಕೊರತೆಯನ್ನು ಅವರು ತಪ್ಪು ಸ್ಥಳದಲ್ಲಿ ಹುಡುಕುತ್ತಿದ್ದಾರೆಂದೇ ನನ್ನ ಅಭಿಪ್ರಾಯ. ಮೇಲೆ ಹೇಳಿದ ಸಿದ್ಧತೆಯ ಬಹುಪಾಲು ಯೋಚನೆ. ಅದು ಯಾವ ಭಾಷೆಯಲ್ಲೂ ನಡೆಯುತ್ತದೆ. ಅಡಿಕೆ ಮರದ ಸುಳಿ, ಸೋಗೆ, ಹಿಂಗಾರಗಳನ್ನು ಹೆಸರಿಟ್ಟು ಬಲ್ಲ ಮಗು ಮಾದರಿ ಆಯುವ ವಿಷಯದಲ್ಲಿ ಪಟ್ಟಣದ ವಿದ್ಯಾರ್ಥಿಗಿಂತ ಮುಂದೆಯೇ ಇರುತ್ತದೆ. ಕಲಿಯಬೇಕಾದ ಪಾರಿಭಾಷಿಕ ಪದಗಳೋ, ಪ್ರೌಢಶಾಲೆಯಿಂದಲೇ ಎರಡೂ ಭಾಷೆಗಳಲ್ಲಿ ಬರೆದು ರೂಢಿಸಿದರೆ ದಕ್ಕುವಂತಹವು.

ರೂಢಿಯಾಗದಿರುವುದು ನೋಡಿ ದಾಖಲಿಸುವ ಅಭ್ಯಾಸ. ಈರುಳ್ಳಿಯ ಸಿಪ್ಪೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಕಂಡುದನ್ನೇ ಬರೆದು, ದಿನಾಂಕವನ್ನೂ ವರ್ಧನೆಯನ್ನೂ ನಮೂದಿಸುವುದು ಸಣ್ಣ ಕೆಲಸವಲ್ಲ. ದೊಡ್ಡ ಕೇಂದ್ರದ ನೋಟ್‌ಪುಸ್ತಕವೂ ಇದನ್ನೇ ಕೇಳುತ್ತದೆ. ಪಠ್ಯಪುಸ್ತಕದ ಚಿತ್ರವನ್ನು ನಕಲು ಮಾಡಿದ ಪ್ರಾಯೋಗಿಕ ಪುಸ್ತಕಕ್ಕೆ ಪೂರ್ಣ ಅಂಕ ದೊರೆಯುವವರೆಗೆ ಮಾಧ್ಯಮ ಯಾವುದಾದರೂ ಫಲ ಒಂದೇ. ಮುಂದಿನ ಪಿಟಿಎ ಸಭೆಯಲ್ಲಿ ಕಟ್ಟಡ, ಸಮವಸ್ತ್ರಗಳ ಚರ್ಚೆ ಮುಗಿದ ಬಳಿಕ ಶಾಲೆಯಲ್ಲಿ ಎಷ್ಟು ಸೂಕ್ಷ್ಮದರ್ಶಕಗಳಿವೆ, ಕಳೆದ ವರ್ಷ ಅವು ಎಷ್ಟು ಬಾರಿ ಬೀರುವಿನಿಂದ ಹೊರಬಂದವು, ಎಷ್ಟು ಮಕ್ಕಳು ಅದರೊಳಗೆ ಕಣ್ಣಿಟ್ಟು ನೋಡಿದರು ಎಂದು ಪಾಲಕರು ಕೇಳಬೇಕು.