ಓಲೆಗರಿ ಬದುಕುವುದು ಕಪಾಟಿನಲ್ಲಲ್ಲ

ಮೈಸೂರಿನ ಕೃಷ್ಣರಾಜ ಬುಲೇವಾರ್ಡ್ ರಸ್ತೆಯಲ್ಲಿ ನಿತ್ಯ ಓಡಾಡುವ ಸಾವಿರಾರು ಜನರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡವನ್ನು ತಲೆಯೆತ್ತಿ ನೋಡುವವರು ಕಡಿಮೆ. ಒಳಹೊಕ್ಕವರು ಇನ್ನೂ ಕಡಿಮೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆಂದು ಕಟ್ಟಿದ ಈ ಭವನದಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಗರಿಯ ಒಂದು ಕಟ್ಟನ್ನು ಇಲ್ಲಿಗೆ ತಂದೊಪ್ಪಿಸಿದರು. ಗ್ರಂಥ ಲಿಪಿಯಲ್ಲಿದ್ದ ಆ ಬರಹವನ್ನು ಓದಿದ ಗ್ರಂಥಪಾಲಕ ಆರ್. ಶಾಮಾಶಾಸ್ತ್ರಿಗಳು, ಶತಮಾನಗಳಿಂದ ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದೆಂದು ಗುರುತಿಸಿದರು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾದವು. ಭಾರತೀಯರಿಗೆ ಪರಮಾರ್ಥವಲ್ಲದೆ ಲೋಕವ್ಯವಹಾರದ ಶಾಸ್ತ್ರ ಇರಲಿಲ್ಲವೆಂದು ನಂಬಿದ್ದವರು ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಯಿತು.

ಈ ಪ್ರಸಂಗವನ್ನು ಮೈಸೂರಿಗರು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅದರ ಪಾಠವನ್ನು ಗ್ರಹಿಸಿದ್ದೇವೆಯೇ ಎಂಬ ಬಗ್ಗೆ ನನಗೆ ಸಂದೇಹವಿದೆ. ಆ ಕಟ್ಟು ಪಂಡಿತರ ಮನೆಯ ಅಟ್ಟದಲ್ಲೇ ಉಳಿದಿದ್ದರೆ ಏನಾಗುತ್ತಿತ್ತು? ಅದನ್ನು ತೆಗೆದುಕೊಳ್ಳಲು ಒಂದು ಸಾರ್ವಜನಿಕ ಸಂಸ್ಥೆ ಇಲ್ಲದಿದ್ದರೆ? ಸಂಸ್ಥೆ ಇದ್ದೂ, ಗ್ರಂಥ ಲಿಪಿಯನ್ನು ಓದಬಲ್ಲ ವಿದ್ವಾಂಸರು ಅಲ್ಲಿ ಇರದಿದ್ದರೆ? ಓದಿದ್ದನ್ನು ಅಚ್ಚು ಹಾಕಿಸುವ ಸರ್ಕಾರ ಇರದಿದ್ದರೆ? ಈ ನಾಲ್ಕು ಕೊಂಡಿಗಳಲ್ಲಿ ಒಂದು ಕಳಚಿದ್ದರೂ ಅರ್ಥಶಾಸ್ತ್ರ ಆಗ ಮೈಸೂರಿನಿಂದ ಬೆಳಕಿಗೆ ಬರುತ್ತಿರಲಿಲ್ಲ. ಮುದ್ರಣದ ಫಲವಂತೂ ಒಂದೇ ಪುಸ್ತಕಕ್ಕೆ ಸೀಮಿತವಾಗಲಿಲ್ಲ. ಮೈಸೂರಿನ ಆವೃತ್ತಿ ಹೊರಬಂದ ಮೇಲೆ ಬೇರೆಡೆಯ ಭಂಡಾರಗಳಲ್ಲಿದ್ದ ಪ್ರತಿಗಳೂ ಪತ್ತೆಯಾದವು. ಗಣಪತಿ ಶಾಸ್ತ್ರಿಗಳ ತಿರುವನಂತಪುರದ ಆವೃತ್ತಿಯೂ, 1960ರ ದಶಕದಲ್ಲಿ ಕಾಂಗ್ಲೆಯವರ ಪರಿಷ್ಕೃತ ಆವೃತ್ತಿಯೂ ಬಂದವು. ಹೊರಬಂದ ಜ್ಞಾನ ತನ್ನ ಬಳಗವನ್ನು ತಾನೇ ಹುಡುಕಿಕೊಳ್ಳುತ್ತದೆ.

ಬರಹದ ಸಾಧನಗಳ ಆಯುಷ್ಯವನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರಾಚೀನ ನಿನೆವೆಯ ಅಸ್ಸೂರ್‌ಬನಿಪಾಲ ದೊರೆಯ ಗ್ರಂಥಭಂಡಾರ ಜೇಡಿಮಣ್ಣಿನ ಹಲಗೆಗಳದು. ಕ್ರಿ.ಪೂ. 612ರಲ್ಲಿ ನಗರ ಸುಟ್ಟಾಗ ಹಲವು ಹಲಗೆಗಳು ಬೆಂಕಿಯಲ್ಲಿ ಬೆಂದು ಇನ್ನಷ್ಟು ಗಟ್ಟಿಯಾದವು. ಓಲೆಗರಿಗೆ ಆ ಭಾಗ್ಯವಿಲ್ಲ. ಕಂಟದಿಂದ ಕೊರೆದು, ಮಸಿ ಸವರಿ, ದಾರ ಪೋಣಿಸಿ ಕಟ್ಟಿದ ಗರಿ ನಮ್ಮ ಹವೆಯಲ್ಲಿ ಕೆಲವು ನೂರು ವರ್ಷ ಬಾಳಿದರೆ ಹೆಚ್ಚು. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದ ಕಡತಗಳ ಕಥೆಯೂ ಅಷ್ಟೆ. ಆದ್ದರಿಂದ ಸಾವಿರ ವರ್ಷದ ಹಿಂದಿನ ಕೃತಿಯೊಂದು ಇಂದು ನಮ್ಮ ಕೈಯಲ್ಲಿದ್ದರೆ, ತಲೆಮಾರಿಗೊಬ್ಬರಾದರೂ ಕುಳಿತು ಅದನ್ನು ಪ್ರತಿ ಮಾಡಿದ್ದಾರೆ ಎಂದೇ ಅರ್ಥ. ಗ್ರಂಥಗಳು ನಮಗೆ ಉಳಿದುಬಂದದ್ದು ಪೆಟ್ಟಿಗೆಯ ಬಲದಿಂದಲ್ಲ, ಪ್ರತಿಕಾರರ ಬೆನ್ನುಮೂಳೆಯ ಬಲದಿಂದ.

ಕನ್ನಡ ನಾಡು ಈ ಸತ್ಯವನ್ನು ಬಹಳ ಹಿಂದೆಯೇ ಅರಿತಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ತಾನು ಲಿಪಿಕಾರನೆಂಬುದನ್ನು ಆತ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಸಾಮ್ರಾಟನ ಮಾತಿನ ಅಡಿಯಲ್ಲಿ ಒಬ್ಬ ಬರಹಗಾರ ತನ್ನ ಹೆಸರಿಗೂ ಜಾಗ ಮಾಡಿಕೊಂಡ ನಿದರ್ಶನವಿದು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಗರಿ, ಎಷ್ಟು ಕೈ, ಎಷ್ಟು ದಿನ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ದಾನಚಿಂತಾಮಣಿ ಎಂಬ ಬಿರುದು ಆಕೆಗೆ ಸುಮ್ಮನೆ ಸಂದದ್ದಲ್ಲ.

ಇನ್ನೂ ಮುಖ್ಯವಾದುದು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿ. ಕಲ್ಯಾಣ ಚಾಲುಕ್ಯರ ಕಾಲದ, ಕ್ರಿ.ಶ. 1058ರ ಅಲ್ಲಿನ ಶಾಸನ ಒಂದು ಘಟಿಕಾಸ್ಥಾನದ ವ್ಯವಸ್ಥೆಯನ್ನು ವಿವರವಾಗಿ ಹೇಳುತ್ತದೆ. ವೇದ ಕಲಿಯುವ 200 ವಿದ್ಯಾರ್ಥಿಗಳು, ಶಾಸ್ತ್ರ ಕಲಿಯುವ 50 ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಗ್ರಂಥಪಾಲಕರು. ಅವರ ಜೀವನಕ್ಕೂ ಭೂಮಿಯ ಉತ್ಪತ್ತಿಯಿಂದ ಏರ್ಪಾಡಿತ್ತು. 250 ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರು! ಇಂದು ನಮ್ಮ ಎಷ್ಟು ಕಾಲೇಜುಗಳು ಈ ಪ್ರಮಾಣವನ್ನು ತೋರಿಸಬಲ್ಲವು ಎಂದು ಕೇಳಿದರೆ ಉತ್ತರ ಹೇಳುವವರು ತಲೆತಗ್ಗಿಸಬೇಕಾದೀತು.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ನಮ್ಮಲ್ಲಿ ಅಕ್ಷರ ಎಲ್ಲರ ಸೊತ್ತಾಗಿರಲಿಲ್ಲ. ಘಟಿಕಾಸ್ಥಾನದ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರಿಗೂ ನಿಲುಕದ ಜ್ಞಾನ ಎಷ್ಟು ದುರ್ಬಲವೆಂಬುದಕ್ಕೆ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಳಾ, ಜಯಧವಳಾ, ಮಹಾಧವಳಾ ಗ್ರಂಥಗಳೇ ಸಾಕ್ಷಿ. ಜೈನ ಸಿದ್ಧಾಂತದ ಈ ಮೇರುಕೃತಿಗಳ ಓಲೆಗರಿಗಳು ಬಹುಕಾಲ ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಓದಿಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ತೊಡಗಿ, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಳಾ ಸಂಪುಟಗಳು ಅಚ್ಚಾಗತೊಡಗಿದ ಮೇಲೆಯೇ ಅವು ನಿಜವಾದ ಅರ್ಥದಲ್ಲಿ ಗ್ರಂಥಗಳಾದವು. ಕಾಪಾಡಿದವರಿಗೆ ನಾವು ಋಣಿಗಳು. ಬಿಚ್ಚಿದವರಿಗೆ ಇನ್ನೂ ಹೆಚ್ಚು ಋಣಿಗಳು.

ಬಲವಂತದ ವರ್ಗಾವಣೆಯ ಕಥೆಯೂ ನಮ್ಮ ನೆರೆಯಲ್ಲೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಟಿಪ್ಪು ಸುಲ್ತಾನನ ಗ್ರಂಥಾಲಯ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಸುಮಾರು ಎರಡು ಸಾವಿರ ಸಂಪುಟಗಳ ಆ ಸಂಗ್ರಹಕ್ಕೆ ಚಾರ್ಲ್ಸ್ ಸ್ಟುವರ್ಟ್ ಸಿದ್ಧಪಡಿಸಿದ ಸೂಚಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯಿತು. ಗ್ರಂಥಗಳು ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋದವು. ಮೈಸೂರಿನಿಂದ ಹತ್ತು ಮೈಲಿ ದೂರದಲ್ಲಿದ್ದ ಗ್ರಂಥಾಲಯವನ್ನು ನೋಡಲು ಮೈಸೂರಿನ ಸಂಶೋಧಕ ಸಮುದ್ರ ದಾಟಬೇಕಾಯಿತು. ಆದರೂ ಸೂಚಿಯೊಂದು ಅಚ್ಚಾದ್ದರಿಂದ ಅಲ್ಲಿ ಏನಿತ್ತು ಎಂಬುದಾದರೂ ಇಂದು ತಿಳಿದಿದೆ. ಯಾರೂ ಒಯ್ಯದೆ, ಯಾರೂ ಪಟ್ಟಿ ಮಾಡದೆ ನಮ್ಮ ಅಟ್ಟಗಳಲ್ಲೇ ಮಣ್ಣಾದ ಕಟ್ಟುಗಳ ಬಗ್ಗೆ ಅಷ್ಟೂ ತಿಳಿದಿಲ್ಲ.

ಈ ಮಾತನ್ನು ನಾನು ಬೇರೆಯವರ ಮೇಲೆ ಬೆರಳು ತೋರಿಸಿ ಬರೆಯುತ್ತಿಲ್ಲ. ಸೇವೆಯಲ್ಲಿದ್ದಾಗ ನಾನಿದ್ದ ಕಚೇರಿಯೊಂದರಲ್ಲಿ ಕೆರೆಯ ನೀರಿನ ಹಕ್ಕಿನ ಬಗ್ಗೆ ಎರಡು ಹಳ್ಳಿಗಳ ನಡುವೆ ವಿವಾದ ಬಂದಿತ್ತು. ಹಳೆಯ ದಾಖಲೆ ಮೋಡಿ ಲಿಪಿಯಲ್ಲಿತ್ತು. ಕಚೇರಿಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಹಿಂದೆ ಶಾನುಭೋಗಿಕೆ ಮಾಡಿದ್ದ ಮನೆತನದ ವೃದ್ಧರೊಬ್ಬರನ್ನು ಕರೆಸಿದೆವು. ಅವರು ಕನ್ನಡಕ ಸರಿಪಡಿಸಿಕೊಂಡು ಅರ್ಧ ಗಂಟೆಯಲ್ಲಿ ಓದಿ ಹೇಳಿದರು, ವಿವಾದ ಬಗೆಹರಿಯಿತು. ಅದಾದ ಎರಡು ವರ್ಷಕ್ಕೆ, ದಾಖಲೆ ಕೊಠಡಿಯಲ್ಲಿ ಸ್ಥಳವಿಲ್ಲ, ಗೆದ್ದಲು ಹಿಡಿದಿದೆ, ಓದುವವರಿಲ್ಲ ಎಂಬ ಟಿಪ್ಪಣಿಯೊಂದಿಗೆ ಅಂಥವೇ ಹಲವು ಕಟ್ಟುಗಳ ವಿಲೇವಾರಿ ಕಡತ ನನ್ನ ಮೇಜಿಗೆ ಬಂತು. ನಿಯಮದಂತೆ ಎಲ್ಲವೂ ಸರಿಯಾಗಿತ್ತು. ನಾನು ಸಹಿ ಹಾಕಿದೆ. ಆ ವೃದ್ಧರು ಆಗಿನ್ನೂ ಬದುಕಿದ್ದರು, ಅವರನ್ನು ಮತ್ತೊಮ್ಮೆ ಕರೆಸಿ ಒಂದು ಪಟ್ಟಿಯನ್ನಾದರೂ ಮಾಡಿಸಬಹುದಿತ್ತು ಎಂಬುದು ನಿವೃತ್ತಿಯ ನಂತರವೇ ಹೊಳೆದದ್ದು. ನಾಶ ಯಾವಾಗಲೂ ದಂಡೆತ್ತಿ ಬರುವುದಿಲ್ಲ. ಬಹುಪಾಲು ಅದು ಕಡತದ ರೂಪದಲ್ಲೇ ಬರುತ್ತದೆ.

ವಿಪರ್ಯಾಸವೆಂದರೆ, ಕಡತದ ಬರಹ ಹೇಗಿರಬೇಕೆಂದು ಕಲಿಸಿದ್ದು ಮೈಸೂರಿನಲ್ಲಿ ದೊರೆತ ಅದೇ ಅರ್ಥಶಾಸ್ತ್ರ. ರಾಜಲೇಖಕ್ಕೆ ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ ಎಂಬ ಆರು ಗುಣಗಳಿರಬೇಕೆಂದು ಅದು ವಿಧಿಸುತ್ತದೆ. ಲೆಕ್ಕಪತ್ರಗಳ ಕಚೇರಿಯಾದ ಅಕ್ಷಪಟಲವನ್ನು ಹೇಗೆ ಕಟ್ಟಬೇಕು, ಅಲ್ಲಿ ದಾಖಲೆ ಪುಸ್ತಕಗಳಿಗೆ ಎಂಥ ಸ್ಥಳವಿರಬೇಕು ಎಂಬುದನ್ನೂ ಹೇಳುತ್ತದೆ. ಬರಹವನ್ನು ಕಾಪಾಡದ ರಾಜ್ಯ ತನ್ನ ನೆನಪನ್ನೇ ಕಳೆದುಕೊಳ್ಳುತ್ತದೆ ಎಂಬ ಅರಿವು ಆ ಗ್ರಂಥಕರ್ತನಿಗೆ ಇತ್ತು.

ಈಗ ಕಾಲ ಅನುಕೂಲವಾಗಿದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಮುಂದುವರಿಕೆಯಾಗಿ 2025ರ ಕೇಂದ್ರ ಮುಂಗಡಪತ್ರದಲ್ಲಿ ‘ಜ್ಞಾನ ಭಾರತಂ’ ಯೋಜನೆ ಪ್ರಕಟವಾಗಿದೆ. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆ ಅದರ ಗುರಿ. ಸ್ವಾಗತಾರ್ಹವೇ. ಆದರೆ ಗರಿಯ ಚಿತ್ರ ತೆಗೆದು ಗಣಕಯಂತ್ರಕ್ಕೆ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯದು. ಓದುವವರಿಲ್ಲದ ಚಿತ್ರ ಹೊಸ ಬಗೆಯ ಅಟ್ಟವಷ್ಟೆ. ತಿಗಳಾರಿ, ನಂದಿನಾಗರಿ, ಗ್ರಂಥ, ಮೋಡಿ ಲಿಪಿಗಳನ್ನು ನಿರರ್ಗಳವಾಗಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ವಿಶ್ವವಿದ್ಯಾಲಯ, ಪ್ರಾಚ್ಯವಿದ್ಯಾ ಸಂಶೋಧನಾಲಯ, ಶಾಸನಗಳ ಪಡಿಯಚ್ಚುಗಳನ್ನು ಸಂಗ್ರಹಿಸಿರುವ ಪುರಾತತ್ವ ಸರ್ವೇಕ್ಷಣದ ಶಾಸನಶಾಸ್ತ್ರ ವಿಭಾಗ, ಕನ್ನಡ ಹಸ್ತಪ್ರತಿಗಳನ್ನು ಹೊಂದಿರುವ ಕನ್ನಡ ಅಧ್ಯಯನ ಸಂಸ್ಥೆ ಇವೆಲ್ಲ ಒಂದೇ ಊರಿನಲ್ಲಿರುವುದು ಮೈಸೂರಿನ ಸೌಭಾಗ್ಯ. ಇವು ಕೂಡಿ ಲಿಪಿ ಕಲಿಕೆಗೆ ಒಂದು ವರ್ಷದ ಶಿಕ್ಷಣಕ್ರಮವನ್ನು, ಶಿಷ್ಯವೇತನ ಸಹಿತ, ಬಲಪಡಿಸಬೇಕು. ಕಲಿತವರಿಗೆ ಕಾಯಂ ಹುದ್ದೆ ಇರಬೇಕು. ಗರಿಯ ಪ್ರತಿಚಿತ್ರಗಳು ಯಾರು ಬೇಕಾದರೂ ನೋಡುವಂತೆ ತೆರೆದಿರಬೇಕು. ಅಗ್ರಹಾರದ ಹಳೆಯ ಮನೆಗಳು ಕೆಡವಲ್ಪಡುವ ಮುನ್ನ ಮನೆಮನೆಯ ಸಮೀಕ್ಷೆ ನಡೆಯಬೇಕು. ಗರಿಯನ್ನು ಕೊಡಲು ಒಪ್ಪದವರಿಂದ ಪ್ರತಿಯನ್ನಾದರೂ ಪಡೆಯಬೇಕು.

ಇಷ್ಟೇ ಮುಖ್ಯವಾದುದು ಸಾಮಾನ್ಯರ ಗ್ರಂಥಾಲಯ. ನಮ್ಮಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆಯೊಂದಿಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ನಾಗರಿಕರು ತೆರುತ್ತಿದ್ದಾರೆ. ಸ್ಥಳೀಯ ಸಂಸ್ಥೆಗಳು ಅದನ್ನು ಸಕಾಲದಲ್ಲಿ ಗ್ರಂಥಾಲಯಗಳಿಗೆ ವರ್ಗಾಯಿಸುವುದಿಲ್ಲವೆಂಬ ದೂರು ಹಳೆಯದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಹೇಳುವುದು ಇಷ್ಟು: ಒಂದು ಉದ್ದೇಶಕ್ಕೆಂದು ವಸೂಲು ಮಾಡಿದ ಕರವನ್ನು ಮತ್ತೊಂದಕ್ಕೆ ತಡೆಹಿಡಿಯುವುದು ಲೆಕ್ಕದ ತೊಡಕಲ್ಲ, ನಂಬಿಕೆಯ ಭಂಗ. ಪ್ರತಿ ನಗರದಲ್ಲೂ ಎಷ್ಟು ಸಂಗ್ರಹವಾಯಿತು, ಎಷ್ಟು ಸಂದಿತು ಎಂಬುದನ್ನು ಪ್ರತಿವರ್ಷ ಗ್ರಂಥಾಲಯದ ಬಾಗಿಲಲ್ಲೇ ತೂಗುಹಾಕಲಿ.

2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ದಿನಗೂಲಿಯೊಬ್ಬರು ತಮ್ಮ ದುಡಿಮೆಯಿಂದ ನಡೆಸುತ್ತಿದ್ದ ಗ್ರಂಥಾಲಯ ಬೆಂಕಿಗೆ ಆಹುತಿಯಾಯಿತು. ಬಹುತೇಕ ಕನ್ನಡದವೇ ಆದ ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾದವು. ಶಾಲೆಯ ಮೆಟ್ಟಿಲು ಹತ್ತದ ಆ ವ್ಯಕ್ತಿ, ತನಗೆ ದೊರೆಯದ ಅಕ್ಷರ ನೆರೆಹೊರೆಯವರಿಗೆ ದೊರೆಯಲೆಂದು ದಿನವೂ ಪತ್ರಿಕೆಗಳನ್ನು ತರಿಸಿ ಹರಡುತ್ತಿದ್ದರು. ಸುದ್ದಿ ತಿಳಿದ ಅಪರಿಚಿತರು ಎಲ್ಲೆಲ್ಲಿಂದಲೋ ಹಣವನ್ನೂ ಪುಸ್ತಕಗಳನ್ನೂ ಕಳುಹಿಸಿದರು. ನಾಗಾವಿಯ ಸರಸ್ವತೀ ಭಂಡಾರಿಗರ, ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯ, ಗರಿ ಬಿಚ್ಚಿ ಓದಿದ ಶಾಮಾಶಾಸ್ತ್ರಿಗಳ ಸಾಲಿನಲ್ಲಿ ಈ ಕೂಲಿಕಾರನಿಗೂ ಒಂದು ಸ್ಥಾನವಿದೆ. ಸಂಬಳ, ಕಟ್ಟಡ, ಕಾಯ್ದೆ, ಕರ ಎಲ್ಲವೂ ಇರುವ ನಾವು ಆತ ಮಾಡಿದಷ್ಟನ್ನಾದರೂ ಮಾಡಬೇಡವೇ?